ತಗಣಿಗೆ ಏಳು ಸೋಮವಾರ

(ಕಲಬುರಗಿಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಸ್ವಸಹಾಯ ಗುಂಪುಗಳ ಮಹಿಳೆಯರು ಮತ್ತು ವಿದ್ಯಾರ್ಥಿನಿಲಯದ ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಮಾತಿಗೆ ಮೊದಲು ಈ ಕೌದಿಯನ್ನು ಒಮ್ಮೆ ನೋಡಿ. ನನ್ನ ತಾಯಿ ಹೊಲಿದದ್ದು. ಆರು ಹಳೆಯ ಸೀರೆ, ಎರಡು ಧೋತರ, ಅಂಚಿಗೆ ಮಕ್ಕಳ ಅಂಗಿಯ ತುಂಡುಗಳು. ಮುಂದೆ ಕುಳಿತಿರುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ, ನಿಮ್ಮ ಮನೆಯಲ್ಲೂ ಇಂಥವು ನಾಲ್ಕಾದರೂ ಇದ್ದೇ ಇರುತ್ತವೆ. ಇದರ ಅಂಚನ್ನು ಹೀಗೆ ಮಡಚಿ, ಎರಡು ಹೊಲಿಗೆ ಸಾಲುಗಳ ನಡುವಿನ ಬಟ್ಟೆಯನ್ನು ಹೆಬ್ಬೆರಳಿನಿಂದ ಅಗಲಿಸಿದರೆ ಒಂದು ಚನ್ನಂಗಿ ಬೇಳೆ ಅಡಗುವಷ್ಟು ಸಂದು ಕಾಣುತ್ತದೆ. ಇಡೀ ಕೌದಿಯಲ್ಲಿ ಇಂಥ ಸಂದುಗಳು ಸಾವಿರಾರು. ತಗಣಿ ಹಗಲೆಲ್ಲ ಮಲಗುವುದು ಇಲ್ಲಿ. ಚನ್ನಂಗಿ ಬೇಳೆಯ ಹೋಲಿಕೆಯನ್ನು ಸುಮ್ಮನೆ ಕೊಡಲಿಲ್ಲ. ಬೆಳೆದ ತಗಣಿ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು, ಹಸಿದಾಗ ಅದಕ್ಕಿಂತಲೂ ಚಪ್ಪಟೆ.

ಪುಸ್ತಕದಲ್ಲಿ ತಿಗಣೆ ಎಂದು ಬರೆಯುತ್ತಾರೆ, ನಾವು ತಗಣಿ ಎನ್ನುತ್ತೇವೆ, ಪಕ್ಕದ ಓಣಿಯವರು ಖಟ್ಮಲ್ ಎನ್ನುತ್ತಾರೆ. ಮೂರು ಹೆಸರಿದ್ದರೂ ಮೂರನ್ನೂ ನಾವು ಪಿಸುಮಾತಿನಲ್ಲೇ ಹೇಳುತ್ತೇವೆ. ಹಿಂದೊಮ್ಮೆ ಶಾಲೆಯಲ್ಲಿ ಪಾಲಕರ ಸಭೆ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಎಲ್ಲರೂ ಹೋಗುವವರೆಗೆ ಕಾದು, ಬಾಗಿಲ ಕಡೆ ಎರಡು ಸಲ ನೋಡಿ, "ಅಕ್ಕೋರೇ, ನಮ್ಮ ಮನೆಯಲ್ಲಿ ಅದು ಆಗಿದೆ" ಎಂದಳು. ಅದು ಎಂದರೆ ಏನಮ್ಮಾ ಎಂದು ನಾನು ಎರಡು ಸಲ ಕೇಳಬೇಕಾಯಿತು. ತವರಿನಿಂದ ಬರುವಾಗ ನೀನೇ ತಂದಿದ್ದೀಯ ಎಂದು ಅತ್ತೆ ದಿನವೂ ಅನ್ನುತ್ತಿದ್ದರಂತೆ. ಆಕೆ ಗಾದಿಯನ್ನು ಹಗಲಲ್ಲಿ ಹೊರಗೆ ಹಾಕುತ್ತಿರಲಿಲ್ಲ, ನೆರೆಯವರು ನೋಡಿಯಾರು ಎಂದು. ರಾತ್ರಿ ದೀಪ ಹಚ್ಚಿ ಒಂದೊಂದಾಗಿ ಹಿಡಿದು ಒರೆಸುತ್ತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

ತಗಣಿ ಕೊಳೆಯಿಂದ ಹುಟ್ಟುವುದಿಲ್ಲ ಎಂಬ ಮಾತನ್ನು ದಯವಿಟ್ಟು ಮನೆಗೆ ಹೋಗಿ ನಿಮ್ಮ ಅತ್ತೆಗೂ ಸೊಸೆಗೂ ಹೇಳಿ. ಅದಕ್ಕೆ ಬೇಕಾದದ್ದು ರಕ್ತ ಮತ್ತು ಒಂದು ಸಂದು, ಅಷ್ಟೇ. ಫರಸಿ ನೆಲವನ್ನು ದಿನಕ್ಕೆರಡು ಸಲ ಒರೆಸುವ ಮನೆಗೂ ಬರುತ್ತದೆ, ದೊಡ್ಡ ಹೋಟೆಲಿನ ಕೋಣೆಗೂ ಬರುತ್ತದೆ. ಅದಕ್ಕೆ ರೆಕ್ಕೆ ಇಲ್ಲ, ಜಿಗಿಯಲೂ ಬಾರದು. ಚೀಲದಲ್ಲಿ, ಹಾಸಿಗೆಯ ಗಂಟಿನಲ್ಲಿ, ಬಸ್ಸಿನ ಸೀಟಿನಿಂದ, ಹಳೆಯ ಮಂಚದಿಂದ ನಮ್ಮ ಜೊತೆಯಲ್ಲೇ ಬರುತ್ತದೆ. ಬಸಿರಾದ ಒಂದೇ ಒಂದು ಹೆಣ್ಣು ಸಾಕು, ಮನೆ ತುಂಬಿಸಲು.

ನಾನು ಇಷ್ಟು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು. ಆದರೆ ಇವತ್ತು ಪಾಠ ಮಾಡಲು ಬಂದಿಲ್ಲ. ಒಂದು ಮಾತು ಕೇಳಿಕೊಳ್ಳಲು ಬಂದಿದ್ದೇನೆ. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು, ಕಾಳಿಗೆ ಇಡುವ ಗುಳಿಗೆಯನ್ನು ಮಲಗುವ ಕೋಣೆಗೆ ತರಬೇಡಿ. ತರದೆಯೂ ತಗಣಿಯನ್ನು ಮನೆಯಿಂದ ಕಳಿಸಬಹುದು, ಹೇಗೆ ಎಂಬುದನ್ನೇ ಇನ್ನು ಮುಂದೆ ಹೇಳುತ್ತೇನೆ.

ಮೊದಲು ಅದರ ಬದುಕು ತಿಳಿದಿರಲಿ, ಯಾಕೆಂದರೆ ನಮ್ಮ ಕೆಲಸವೆಲ್ಲ ಅದರ ಲೆಕ್ಕದ ಮೇಲೆ ನಡೆಯಬೇಕು. ಹೆಣ್ಣು ತಗಣಿ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ, ಜೀವಮಾನದಲ್ಲಿ 200ರ ಸುಮಾರು. ಮೊಟ್ಟೆ ಗಸಗಸೆ ಕಾಳಿನಷ್ಟು, ಬೆಳ್ಳಗೆ, ಗೋಂದು ಹಚ್ಚಿದಂತೆ ಸಂದಿಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಕೊಡವಿದರೆ ಬೀಳುವುದಿಲ್ಲ. ನಮ್ಮ ಸೆಕೆಗೆ ಆರರಿಂದ ಹತ್ತು ದಿನದಲ್ಲಿ ಮರಿ ಹೊರಬರುತ್ತದೆ. ಆ ಮರಿ ಹುಲ್ಲಿನ ಬಣ್ಣದ್ದು, ಒಳಗಿನದು ಕಾಣುವಷ್ಟು ತೆಳು. ರಕ್ತ ಕುಡಿದ ಮೇಲೆ ಮಾತ್ರ ಕೆಂಪು ಚುಕ್ಕೆಯಾಗಿ ಕಣ್ಣಿಗೆ ಬೀಳುತ್ತದೆ. ದೊಡ್ಡದಾಗುವ ಮೊದಲು ಐದು ಸಲ ಪೊರೆ ಕಳಚಬೇಕು, ಪ್ರತಿ ಸಲ ಕಳಚುವುದಕ್ಕೂ ಮೊದಲು ಒಂದು ಊಟ ರಕ್ತ ಬೇಕು. ಹೀಗೆ ಮೊಟ್ಟೆಯಿಂದ ಮೊಟ್ಟೆ ಇಡುವ ವಯಸ್ಸಿಗೆ ಬರಲು ಬೆಚ್ಚಗಿನ ದಿನಗಳಲ್ಲಿ ಐದಾರು ವಾರ ಹಿಡಿಯುತ್ತದೆ. ಈ ಐದಾರು ವಾರವನ್ನು ನೆನಪಿಡಿ.

ರಾತ್ರಿ ನಾವು ಬಿಡುವ ಉಸಿರಿನ ಗಾಳಿ, ನಮ್ಮ ಮೈಯ ಬಿಸಿ, ಇವೆರಡರ ಜಾಡು ಹಿಡಿದು ಅದು ಬರುತ್ತದೆ. ಐದರಿಂದ ಹತ್ತು ನಿಮಿಷ ಹೀರಿ ಮರಳಿ ಸಂದಿಗೆ ಹೋಗುತ್ತದೆ. ಮತ್ತೆ ಕೆಲವು ದಿನ ಹೊರಗೆ ಬರುವುದೇ ಇಲ್ಲ. ಅಂದರೆ ನಮ್ಮ ಮೈ ಮೇಲೆ ಇರುವುದು ತೀರ ಕಡಿಮೆ ಹೊತ್ತು, ಉಳಿದ ಕಾಲವೆಲ್ಲ ಮಂಚದಲ್ಲಿ, ಗೋಡೆಯಲ್ಲಿ. ನಾವು ರಾತ್ರಿ ಕುಳಿತು ಮೈ ಮೇಲಿನದನ್ನು ಹಿಡಿಯುತ್ತೇವೆ. ಹಗಲು ಅದರ ಮನೆಗೆ ನಾವು ಹೋಗಬೇಕು.

ಹಗಲಿನ ಹುಡುಕಾಟಕ್ಕೆ ಮೊಬೈಲಿನ ಟಾರ್ಚು, ಕೌದಿ ಹೊಲಿಯುವ ದಬ್ಬಣ, ಸವೆದ ಹಲ್ಲುಜ್ಜುವ ಬ್ರಷ್ಷು, ಸೋಪು ಕಲಸಿದ ನೀರಿನ ಒಂದು ತಟ್ಟೆ ಇದ್ದರೆ ಸಾಕು. ಮೊದಲು ಹುಡುಕಬೇಕಾದದ್ದು ಹುಳವನ್ನಲ್ಲ, ಅದರ ಗುರುತನ್ನು. ಗಾದಿಯ ಅಂಚಿನ ಹೊಲಿಗೆಯಲ್ಲಿ ಶಾಯಿ ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳು. ಅದು ಜೀರ್ಣವಾದ ನಮ್ಮದೇ ರಕ್ತ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಕಂದಾಗಿ ಹರಡುತ್ತದೆ. ಜೊತೆಗೆ ಈರುಳ್ಳಿ ಸಿಪ್ಪೆಯ ಚೂರಿನಂಥ ಕಳಚಿದ ಪೊರೆಗಳು. ತುಂಬ ಆಗಿದ್ದರೆ ಒಂದು ಬಗೆಯ ಸಿಹಿ ಮಿಶ್ರಿತ ಕಮಟು ವಾಸನೆ. ಮೈ ಮೇಲಿನ ಗಂಧೆಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಗಂಧೆ ಏಳಬಹುದು, ಇನ್ನೊಬ್ಬರಿಗೆ ಏನೂ ಆಗದಿರಬಹುದು. ಕಡಿದ ಎಷ್ಟೋ ದಿನಗಳ ಮೇಲೆ ಏಳುವುದೂ ಉಂಟು.

ಎಲ್ಲಿ ನೋಡಬೇಕು? ಹೊರಸಿನ ಕಾಲು ಮತ್ತು ಪಟ್ಟಿ ಕೂಡುವ ತೂತು, ನುಲಿಯ ಗಂಟು, ಗಾದಿಯ ನಾಲ್ಕು ಮೂಲೆ, ಪ್ಲೈವುಡ್ ಮಂಚದ ಸ್ಕ್ರೂ ಕುಳಿ. ನಮ್ಮ ಕಡೆಯ ಮನೆಗಳಿಗೆ ಇನ್ನೊಂದು ತೊಂದರೆ ಇದೆ. ಶಹಾಬಾದ್ ಕಲ್ಲಿನ ಸೀಮೆ ನಮ್ಮದು. ಚಿತ್ತಾಪುರ ತಾಲೂಕಿನ ನನ್ನ ತವರು ಮನೆಯಲ್ಲಿ ನೆಲ, ಗೋಡೆ, ಮಾಡು, ಮಾಳಿಗೆ ಎಲ್ಲವೂ ಆ ಕಲ್ಲೇ. ಕಲ್ಲಿಗೂ ಕಲ್ಲಿಗೂ ನಡುವಿನ ಮಣ್ಣು ಉದುರಿದ ಕಡೆಯೆಲ್ಲ ಅದಕ್ಕೆ ಕೋಣೆ ಕಟ್ಟಿಕೊಟ್ಟಂತೆಯೇ. ಕ್ಯಾಲೆಂಡರ್ ತೂಗು ಹಾಕಿದ ಮೊಳೆಯ ತೂತು, ದೇವರ ಫೋಟೋದ ಹಿಂಬದಿಯ ರಟ್ಟು, ಬಾಗಿಲ ಚೌಕಟ್ಟು, ಇವನ್ನು ಮರೆಯಬೇಡಿ. ಒಂದು ಎಟಿಎಂ ಕಾರ್ಡಿನ ಅಂಚು ತೂರುವ ಸಂದಿನಲ್ಲಿ ತಗಣಿ ಇರಬಲ್ಲದು ಎಂದು ಲೆಕ್ಕ ಇಟ್ಟುಕೊಳ್ಳಿ.

ಇನ್ನು ಕೊಲ್ಲುವ ಬಗೆ. ನಮ್ಮ ಅಜ್ಜಿ ಮಾಡುತ್ತಿದ್ದುದನ್ನು ಹೇಳುತ್ತೇನೆ, ಅದರಲ್ಲೇ ಅರ್ಧ ವಿಜ್ಞಾನ ಇದೆ. ಉಗಾದಿ ಕಳೆದ ಮೇಲೆ, ಬಿಸಿಲು ಏರಿದ ಒಂದು ದಿನ, ಮನೆಯ ಹೊರಸುಗಳನ್ನೆಲ್ಲ ಅಂಗಳಕ್ಕೆ ಹಾಕಿಸುತ್ತಿದ್ದಳು. ಬರಿಗಾಲಿನಲ್ಲಿ ನಿಲ್ಲಲಾಗದಂತೆ ಫರಸಿ ಕಾದ ಮೇಲೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಒಲೆಯ ಮೇಲಿನ ಹಂಡೆಯಿಂದ ಕುದಿಯುವ ನೀರನ್ನು ತಂಬಿಗೆಯಲ್ಲಿ ತಂದು ಹೊರಸಿನ ಕಾಲಿನ ತೂತಿಗೆ ಸಣ್ಣ ಧಾರೆಯಾಗಿ ಬಿಡುತ್ತಿದ್ದಳು. ಒಂದೇ ಸಲ ಸುರಿಯುತ್ತಿರಲಿಲ್ಲ. ಧಾರೆ ಒಳಗಿಳಿದಂತೆ ಎದುರಿನ ಸಂದಿನಿಂದ ಅವು ಕಪ್ಪಗೆ ಹೊರಬಿದ್ದು, ಕಾದ ಕಲ್ಲಿನ ಮೇಲೆ ಉರುಳಿ, ನಾಲ್ಕು ಹೆಜ್ಜೆ ಓಡಿ, ಕಾಲು ಮುದುಡಿಕೊಂಡು ನಿಲ್ಲುತ್ತಿದ್ದವು. ನಾವು ಮಕ್ಕಳು ಹೊಸ್ತಿಲ ನೆರಳಿನಲ್ಲಿ ಕುಳಿತು ಎಣಿಸುತ್ತಿದ್ದೆವು. ನೀರು ಕುದಿಯುತ್ತಿರಬೇಕು, ಬಿಸಿ ನೀರು ಸಾಲದು ಎಂದು ಅಜ್ಜಿ ಪಟ್ಟು ಹಿಡಿಯುತ್ತಿದ್ದಳು. ಅದು ಸರಿ.

ಲೆಕ್ಕ ಹೀಗಿದೆ. 45 ಡಿಗ್ರಿ ಬಿಸಿಯಲ್ಲಿ ಬೆಳೆದ ತಗಣಿ ಸಾಯಲು ಒಂದೂವರೆ ತಾಸು ಬೇಕು, ಮೊಟ್ಟೆಗೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. 48 ಡಿಗ್ರಿಯಲ್ಲಿ ದೊಡ್ಡವು ಸುಮಾರು 20 ನಿಮಿಷಕ್ಕೆ ಸಾಯುತ್ತವೆ, ಮೊಟ್ಟೆಗೆ ಒಂದು ತಾಸಿಗೂ ಮಿಕ್ಕಿ ಹಿಡಿಯುತ್ತದೆ. 55 ಡಿಗ್ರಿ ದಾಟಿದರೆ ಮೊಟ್ಟೆಯೂ ಉಳಿಯುವುದಿಲ್ಲ. ಈಗ ನಮ್ಮ ಮೇ ತಿಂಗಳನ್ನು ನೆನೆಯಿರಿ. ಗಾಳಿಯ ಉಷ್ಣಾಂಶ 42, 43. ಅದಷ್ಟೇ ಆದರೆ ಸಾಲದು. ಆದರೆ ಬಿಸಿಲು ಬಿದ್ದ ಕಲ್ಲು, ತಗಡು, ಕಪ್ಪು ಪ್ಲಾಸ್ಟಿಕ್ಕು, ಇವೆಲ್ಲ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತವೆ. ಬಿಸಿಲು ನಮ್ಮನ್ನು ಬೇಯಿಸುತ್ತದೆ ಎಂದು ವರ್ಷವಿಡೀ ಗೊಣಗುತ್ತೇವಲ್ಲ, ಈ ಒಂದು ಕೆಲಸಕ್ಕೆ ಕಲಬುರಗಿಯ ಬಿಸಿಲಿನಂಥ ಬಿಸಿಲು ಬೇರೆ ಊರವರಿಗೆ ಸಿಗುವುದಿಲ್ಲ.

ಆದರೆ ಬಿಸಿಲಿಗೆ ಹಾಕುವುದರಲ್ಲಿ ನಾವು ಒಂದು ತಪ್ಪು ಮಾಡುತ್ತೇವೆ. ಗಾದಿಯನ್ನು ಮಾಳಿಗೆಯ ಮೇಲೆ ಹಾಸಿ, ಸಂಜೆ ತಂದು ಮತ್ತೆ ಮಂಚಕ್ಕೆ ಹಾಕುತ್ತೇವೆ. ಮೇಲ್ಮೈ ಕಾದಂತೆ ತಗಣಿ ಕೆಳಮೈಗೆ ಇಳಿಯುತ್ತದೆ. ಹತ್ತಿ ದಪ್ಪಗಿದ್ದರೆ ಒಳಗೆ ಬಿಸಿ ಹೋಗುವುದೇ ಇಲ್ಲ. ಸಂಜೆ ಅದನ್ನೇ ನಾವು ಹೊತ್ತು ತರುತ್ತೇವೆ. ಹಾಗೆ ಮಾಡುವ ಬದಲು ಬಟ್ಟೆ, ಕೌದಿ, ಹೊದಿಕೆಗಳನ್ನು ದೊಡ್ಡ ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ತೆಳ್ಳಗೆ ಹರಡಿ, ಮೇಲೊಂದು ಹಾಳೆ ಮುಚ್ಚಿ, ನಾಲ್ಕೂ ಅಂಚನ್ನು ಗಾಳಿಯಾಡದಂತೆ ಮಡಚಿ ಕಲ್ಲು ಹೇರಿ. ಒಂದು ಸಲಕ್ಕೆ ಒಂದೇ ಕೌದಿ. ಹನ್ನೊಂದಕ್ಕೆ ಇಟ್ಟರೆ ಒಂದೂವರೆಗೆ ಒಮ್ಮೆ ಮಗುಚಿ, ನಾಲ್ಕರವರೆಗೆ ಬಿಡಿ. ತೆಗೆದಾಗ ನಡುವಿನ ಮಡಿಕೆಗೆ ಕೈ ಇಟ್ಟರೆ ತಡೆಯಲಾಗದಷ್ಟು ಸುಡಬೇಕು. ಸುಡದಿದ್ದರೆ ಮರುದಿನ ಮತ್ತೊಮ್ಮೆ. ಒಗೆಯಬಹುದಾದದ್ದನ್ನು ಕುದಿಯುವ ನೀರಿನಲ್ಲಿ ಅದ್ದಿ ಅರ್ಧ ತಾಸು ಮುಚ್ಚಿಟ್ಟು ಒಗೆಯಿರಿ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯುವ ನಮ್ಮ ಪದ್ಧತಿ ಎಷ್ಟು ಒಳ್ಳೆಯದೆಂದು ಈ ವಿಷಯ ಓದಿದ ಮೇಲೆ ನನಗೆ ಇನ್ನಷ್ಟು ಮನದಟ್ಟಾಯಿತು. ಹಳ್ಳದ ತಣ್ಣೀರಿನಲ್ಲಿ ಒಗೆದು ಬಂದರೆ ಮಾತ್ರ ಮೊಟ್ಟೆಗಳು ಹಾಗೇ ಉಳಿಯುತ್ತವೆ. ಒಗೆಯಲಾಗದ ಅಂಚುಗಳಿಗೆ ಇಸ್ತ್ರಿ ಪೆಟ್ಟಿಗೆ ಇದೆ. ಹೊಲಿಗೆಯ ಸಾಲಿನ ಮೇಲೆ ನಿಧಾನವಾಗಿ, ಒತ್ತಿ ಎಳೆಯಬೇಕು. ಸರಸರನೆ ಎಳೆದರೆ ಪ್ರಯೋಜನವಿಲ್ಲ.

ಬೀದರ್ ನಮಗಿಂತ ಎತ್ತರದಲ್ಲಿದೆ, ಬಿಸಿಲು ಅಷ್ಟು ತೀಕ್ಷ್ಣವಿಲ್ಲ. ಮಳೆಗಾಲ, ಚಳಿಗಾಲದಲ್ಲಿ ನಮಗೂ ಬಿಸಿಲಿನ ಆಸೆ ಬೇಡ. ಆಗ ಕುದಿಯುವ ನೀರು ಮತ್ತು ಇಸ್ತ್ರಿಯೇ ಗತಿ. ಪ್ಲೈವುಡ್ ಮಂಚಕ್ಕೆ ನೀರು ಹಾಕಿದರೆ ಉಬ್ಬುತ್ತದೆ. ಸ್ಕ್ರೂ ಬಿಚ್ಚಿ, ಹಲಗೆ ಹಲಗೆಯಾಗಿ ಬೇರ್ಪಡಿಸಿ, ಬ್ರಷ್ಷಿನಿಂದ ಸೋಪಿನ ತಟ್ಟೆಗೆ ಉದುರಿಸಿ. ವಿದ್ಯುತ್ ಬೋರ್ಡಿನ ಹತ್ತಿರ ನೀರು ಒಯ್ಯಬೇಡಿ.

ಒಂದು ದಿನ ಇಷ್ಟೆಲ್ಲ ಮಾಡಿದರೆ ಮುಗಿಯಿತೇ? ಮುಗಿಯುವುದಿಲ್ಲ. ಜನ ಸೋಲುವುದು ಇಲ್ಲೇ. ಮೊದಲ ದಿನ ನೂರು ಸತ್ತರೂ ಎಲ್ಲೋ ಒಂದು ಸಂದಿನಲ್ಲಿ ಹತ್ತು ಮೊಟ್ಟೆ ಉಳಿದಿರುತ್ತವೆ. ವಾರದ ಮೇಲೆ ಮತ್ತೆ ಕಡಿತ ಶುರುವಾದಾಗ ಮನೆಯವರು ಕೈಚೆಲ್ಲುತ್ತಾರೆ, ಎಣ್ಣೆಯ ಡಬ್ಬಿಗೆ ಕೈ ಹಾಕುತ್ತಾರೆ. ನಾನು ಏಳು ಸೋಮವಾರ ಎಂದು ಹೇಳುತ್ತೇನೆ. ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಬಸವಣ್ಣನ ದಿನ ಎಂದು ಬಿಡುವು ಕೊಡುತ್ತೇವೆ. ಆ ಬಿಡುವಿನ ಅರ್ಧ ದಿನವನ್ನು ಮಂಚಕ್ಕೆ ಕೊಡಿ. ಮೊದಲ ಸೋಮವಾರ ದೊಡ್ಡವು ಸಾಯುತ್ತವೆ. ಉಳಿದ ಮೊಟ್ಟೆ ಆರರಿಂದ ಹತ್ತು ದಿನಕ್ಕೆ ಒಡೆಯುತ್ತದೆ ಎಂದೆನಲ್ಲ, ಎರಡನೆಯ ಮೂರನೆಯ ಸೋಮವಾರ ಆ ಮರಿಗಳು ಸಿಗುತ್ತವೆ. ತಪ್ಪಿಸಿಕೊಂಡ ಮರಿ ಮೊಟ್ಟೆ ಇಡುವಷ್ಟು ಬೆಳೆಯಲು ಐದಾರು ವಾರ ಬೇಕು. ಅಷ್ಟರೊಳಗೆ ನೀವು ಮತ್ತೆ ಮತ್ತೆ ಬಂದಿರುತ್ತೀರಿ. ನಡುವೆ ಒಂದು ವಾರವನ್ನೂ ಬಿಡಬೇಡಿ. ಪ್ರತಿ ಸಲ ಎಷ್ಟು ಸಿಕ್ಕವು ಎಂದು ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಮೇಲೆಯೇ ಬರೆಯಿರಿ. ಐವತ್ತು, ಹದಿನಾರು, ಇಪ್ಪತ್ತು, ಐದು ಹೀಗೆ ಏರಿಳಿಯುತ್ತಾ ಇಳಿಯುತ್ತದೆ. ಏಳರ ನಂತರ ಎರಡು ತಿಂಗಳು ಕಣ್ಣಿಟ್ಟಿರಿ. ಹಸಿದ ತಗಣಿ ಊಟವಿಲ್ಲದೆ ಕೆಲವು ತಿಂಗಳು ಕಾಯಬಲ್ಲದು.

ಈ ಏಳು ವಾರ ಮಂಚವನ್ನು ದ್ವೀಪ ಮಾಡಿ. ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ಮಡಚಿ, ನಾಲ್ಕು ಕಾಲಿಗೂ ಬಟ್ಟಲಿಟ್ಟು ಸೋಪಿನ ನೀರು ತುಂಬಿ. ನಮ್ಮ ಹಿರಿಯರು ಇರುವೆಗೆಂದು ಹೀಗೆ ಮಾಡುತ್ತಿದ್ದರು. ನುಣುಪಾದ ಖಾಲಿ ಪ್ಲಾಸ್ಟಿಕ್ ಬಟ್ಟಲಿಟ್ಟರೆ ಸಾಕು, ಅವು ಹತ್ತಲಾರವು ಎಂದು ಬರೆದಿರುವುದನ್ನು ನೀವು ಓದಿರಬಹುದು. ಅದು ತಂಪು ದೇಶಗಳ ಜಾತಿಗೆ ಸಲ್ಲುವ ಮಾತು. ನಮ್ಮಂಥ ಸೆಕೆ ನಾಡಿನಲ್ಲಿರುವ ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಜಾತಿ ನುಣುಪಾದ ಗೋಡೆಯನ್ನೂ ಹತ್ತುತ್ತದೆ. ಅದಕ್ಕೇ ನೀರು ಬೇಕೇ ಬೇಕು. ಗೋಡೆಯ ಬಿರುಕಿಗೂ ಫರಸಿಯ ಸಂದಿಗೂ ಸಿಮೆಂಟು, ಸುಣ್ಣ, ಏನಾದರೂ ತುಂಬಿ ಮುಚ್ಚಿ. ಒಂದು ಮೂಟೆ ಸಿಮೆಂಟಿನ ಖರ್ಚು ಸ್ಪ್ರೇ ಡಬ್ಬಿಗಳಿಗೆ ಸುರಿಯುವ ಹಣಕ್ಕಿಂತ ಎಷ್ಟೋ ಸಾರ್ಥಕ.

ಈಗ ವಿಷದ ಮಾತು. ಇದನ್ನು ಮೆಲ್ಲಗೆ ಹೇಳಲು ನನಗೆ ಆಗುವುದಿಲ್ಲ.

ನಾವು ಕೀಟನಾಶಕಕ್ಕೆ ಎಣ್ಣೆ ಎನ್ನುತ್ತೇವೆ. ತೊಗರಿಗೆ ಎಣ್ಣೆ ಹೊಡೆಯುವುದು, ಹತ್ತಿಗೆ ಎಣ್ಣೆ ಹೊಡೆಯುವುದು. ಆ ಹೆಸರೇ ನಮ್ಮನ್ನು ಮೋಸಗೊಳಿಸಿದೆ. ಒಗ್ಗರಣೆಗೆ ಹಾಕುವುದೂ ಎಣ್ಣೆ, ತಲೆಗೆ ಹಚ್ಚುವುದೂ ಎಣ್ಣೆ, ಹೊಲದಲ್ಲಿ ಉಳಿದ ಅರ್ಧ ಡಬ್ಬಿಯೂ ಎಣ್ಣೆ. ಉಳಿದದ್ದನ್ನು ಯಾಕೆ ಕೆಡಿಸಬೇಕೆಂದು ಮಂಚಕ್ಕೆ ಬಳಿಯುತ್ತಾರೆ. ಅದರ ಮೇಲೆ ಕೂಸನ್ನು ಮಲಗಿಸುತ್ತಾರೆ. ಆ ಔಷಧಿಗಳಲ್ಲಿ ಎಷ್ಟೋ ಚರ್ಮದ ಮೂಲಕವೇ ಒಳಗಿಳಿಯುತ್ತವೆ. ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗುವುದು, ಉಸಿರು ಕಟ್ಟುವುದು, ಇವು ಕಂಡರೆ ಮೊಸರು, ಹುಣಸೆ ರಸ ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ಡಬ್ಬಿಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಿರಿ.

ಅದಕ್ಕಿಂತ ಘೋರವಾದದ್ದು ಕಾಳಿನ ಗುಳಿಗೆ. ತೊಗರಿಯ ನಾಡಿನವರಿಗೆ ಅದು ಗೊತ್ತಿರುವ ವಸ್ತು, ದಾಸ್ತಾನಿಗೆ ಹುಳ ಬೀಳದಂತೆ ಇಡುವುದು. ಅಲ್ಯೂಮಿನಿಯಂ ಫಾಸ್ಫೈಡ್. ಅದಕ್ಕೆ ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಎಂಬ ಅನಿಲ ಏಳುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲೇ ಅದು ನಿಲ್ಲುವುದಿಲ್ಲ. ಗೋಡೆಯ ಬಿರುಕು, ಬಾಗಿಲ ಸಂದಿನಿಂದ ಪಕ್ಕದ ಕೋಣೆಗೆ, ಪಕ್ಕದ ಮನೆಗೆ ಹೋಗುತ್ತದೆ. ತಗಣಿಗೆಂದು ಒಂದು ಕೋಣೆಯಲ್ಲಿ ಗುಳಿಗೆ ಇಟ್ಟು, ಇನ್ನೊಂದು ಕೋಣೆಯಲ್ಲಿ ಮಲಗಿದ ಮಕ್ಕಳು ಬೆಳಗಾಗುವಷ್ಟರಲ್ಲಿ ಸತ್ತ ಸುದ್ದಿಗಳು ನಮ್ಮ ದೇಶದ ಬೇರೆ ಬೇರೆ ಊರುಗಳಿಂದ ಬಂದಿವೆ. ಆ ವಿಷಕ್ಕೆ ಪ್ರತಿವಿಷ ಇಲ್ಲ. ಎಂಥ ದೊಡ್ಡ ಆಸ್ಪತ್ರೆಗೆ ಒಯ್ದರೂ ಇಲ್ಲ. ಯಾರಾದರೂ ಅಂಗಡಿಯವರು ಸಡಿಲ ಗುಳಿಗೆಯನ್ನು ಕಾಗದದಲ್ಲಿ ಕಟ್ಟಿ, ತಗಣಿಗೆ ಇಡಿ ಎಂದು ಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ, ನೆರೆಯವರಿಗೂ ಹೇಳಿ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಹಚ್ಚಿದ ಹಾಗೆ ಎಂದು ನಮ್ಮಲ್ಲಿ ಗಾದೆ ಇದೆ. ಇಲ್ಲಿ ಸುಟ್ಟುಹೋಗುವುದು ಬರೀ ಮನೆಯಲ್ಲ.

ಸೀಮೆಎಣ್ಣೆ, ಪೆಟ್ರೋಲು ಬಳಿಯುವವರೂ ಇದ್ದಾರೆ. ಬೇಡ, ಒಂದು ಕಿಡಿ ಸಾಕು. ಬೇವಿನ ಹೊಗೆ ಹಾಕಿದರೆ ಸೊಳ್ಳೆ ಓಡಬಹುದು, ಸಂದಿನೊಳಗಿನ ತಗಣಿಗೆ ಏನೂ ಆಗುವುದಿಲ್ಲ.

ಅಂಗಡಿಯ ಸ್ಪ್ರೇ ಯಾಕೆ ಸೋಲುತ್ತದೆ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. 1953ರಲ್ಲಿ ಸರ್ಕಾರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ನಾನು ಚಿಕ್ಕವಳಿದ್ದಾಗಲೂ ನಮ್ಮೂರಿಗೆ ಸೊಳ್ಳೆ ಕೊಲ್ಲಲೆಂದು ಡಿಡಿಟಿ ಎಂಬ ಕೀಟನಾಶಕದ ಪಂಪು ಹೊತ್ತವರು ಬರುತ್ತಿದ್ದರು. ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಅಜ್ಜಿ ಮಾತ್ರ ಅವರನ್ನು ಕಂಡರೆ ಅಡ್ಡ ನಿಲ್ಲುತ್ತಿದ್ದಳು, ಅದನ್ನು ಹೊಡೆದ ಮೇಲೆ ತಗಣಿ ಹೆಚ್ಚಾಗುತ್ತವೆ ಎಂದು. ಓದಿಲ್ಲದವಳ ಹಟ ಎಂದು ಮನೆಯವರೆಲ್ಲ ತಿಳಿದಿದ್ದೆವು. ಬಹಳ ವರ್ಷಗಳ ಮೇಲೆ ಓದಿದಾಗ ತಿಳಿಯಿತು, ಡಿಡಿಟಿಗೆ ಬಗ್ಗದ ತಗಣಿಗಳು ಹವಾಯಿ ದ್ವೀಪದಲ್ಲಿ 1947ರಲ್ಲೇ ಕಂಡುಬಂದಿದ್ದವು. ನಮ್ಮ ದೇಶದಲ್ಲೂ ಮೊದಮೊದಲು ಡಿಡಿಟಿಗೆ ಸತ್ತ ತಗಣಿಗಳು ಮುಂದೆ ಅದಕ್ಕೆ ಜಗ್ಗದಾದವು. ಔಷಧಿ ಅವುಗಳನ್ನು ಕೊಲ್ಲುವುದನ್ನು ಬಿಟ್ಟು ಕೆರಳಿಸಿ ಸಂದಿನಿಂದ ಹೊರಗೆ ಅಟ್ಟುತ್ತಿತ್ತು. ಜನ ಕಂಡದ್ದನ್ನೇ ಹೇಳುತ್ತಿದ್ದರು. ಈಗಿನ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಔಷಧಿಗಳಿಗೂ ತಗಣಿ ಜಗತ್ತಿನ ಎಷ್ಟೋ ಕಡೆ ಹಾಗೆಯೇ ಒಗ್ಗಿಕೊಂಡಿದೆ. ಮಂಚಕ್ಕೆ ಹೊಡೆದರೆ ನಾಲ್ಕು ಸತ್ತು ನಲವತ್ತು ಪಕ್ಕದ ಕೋಣೆ ಸೇರುತ್ತವೆ.

ಗುಳೆ ಹೋಗುವವರ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಯಾದಗಿರಿ, ಸುರಪುರ, ಶಹಾಪುರ, ನಮ್ಮ ಸೇಡಂ ಕಡೆಯಿಂದ ಎಷ್ಟು ಜನ ಬೆಂಗಳೂರು, ಮುಂಬೈ, ಪುಣೆಗೆ ದುಡಿಯಲು ಹೋಗುತ್ತಾರೆ ಎಂದು ವಾಡಿ ಜಂಕ್ಷನ್ನಿನಲ್ಲಿ ಒಂದು ರಾತ್ರಿ ನಿಂತರೆ ತಿಳಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಹತ್ತಾರು ಜನ ಒತ್ತಾಗಿ ಮಲಗುವ ಕಡೆ ತಗಣಿ ಬರುವುದು ಅವರ ತಪ್ಪಲ್ಲ. ಮುಂಗಾರಿಗೆ ಮರಳುವಾಗ ಹಾಸಿಗೆಯ ಗಂಟಿನೊಂದಿಗೆ ಅದೂ ಬರುತ್ತದೆ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಬೇಡಿ. ಮೊದಲು ನೀರು ಕೊಡಿ, ಊಟಕ್ಕೆ ಬಡಿಸಿ. ಗಂಟನ್ನು ಮಾತ್ರ ಅಂಗಳದಲ್ಲೇ ಬಿಚ್ಚಿಸಿ, ನೇರವಾಗಿ ಕುದಿಯುವ ನೀರಿಗೆ ಅಥವಾ ಕಪ್ಪು ಹಾಳೆಯೊಳಗೆ ಹಾಕಿ. ಅವರು ಮರಳುವ ಮೇ ಕೊನೆಗೆ ನಮ್ಮಲ್ಲಿ ಬಿಸಿಲು ಇನ್ನೂ ಜೋರಾಗಿಯೇ ಇರುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.

ವಿದ್ಯಾರ್ಥಿನಿಲಯದ ಒಬ್ಬ ಹುಡುಗಿ, ತಮ್ಮ ಕೋಣೆ ಶುಚಿ ಮಾಡಿದರೂ ಪಕ್ಕದ ಕೋಣೆಯಿಂದ ಮತ್ತೆ ಬರುತ್ತವೆ, ಏನು ಮಾಡಬೇಕು ಎಂದು ಕೇಳಿದಳು. ಒಂದು ಸಾಲಿನ ಕೋಣೆಗಳೆಲ್ಲ ಒಂದೇ ಸೋಮವಾರ ಮಾಡಬೇಕು ಮಗಳೇ, ಬೇರೆ ದಾರಿ ಇಲ್ಲ. ವಾರ್ಡನ್ ಹತ್ತಿರ ಒಬ್ಬಳೇ ಹೋಗಬೇಡ, ಎಲ್ಲರೂ ಕೂಡಿ ಹೋಗಿ ಹೇಳಿ. ಮತ್ತೆ, ಕಡಿತ ತಾಳಲಾರದೆ ಗೆಳತಿಯ ಕೋಣೆಗೆ ಹೋಗಿ ಮಲಗಬೇಡ. ನಿನ್ನ ಹೊದಿಕೆಯ ಜೊತೆ ಅವೂ ಹೋಗುತ್ತವೆ. ಉಳಿದವು ನಿನ್ನ ಕೋಣೆಯಲ್ಲೇ ಹಸಿದು ಕಾಯುತ್ತವೆ. ಪುಸ್ತಕ, ಪೆನ್ನಿನ ಚೀಲದಂಥವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಸಾಯುತ್ತವೆ. ಆ ಸೌಕರ್ಯ ಇಲ್ಲದಿದ್ದರೆ ಹಾಳೆ ಹಾಳೆ ತಿರುವಿ, ಬೆನ್ನಿನ ಸಂದಿನಲ್ಲಿ ಬ್ರಷ್ ಆಡಿಸು.

ತಗಣಿಯಿಂದ ರೋಗ ಹರಡುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದರು. ಸೊಳ್ಳೆ ಮಲೇರಿಯಾ ತರುವ ಹಾಗೆ ತಗಣಿ ಮನುಷ್ಯರಿಗೆ ರೋಗ ಹರಡಿದ್ದು ಸಾಬೀತಾಗಿಲ್ಲ ಕಾಕಾ. ಕೆರೆದು ಗಾಯವಾಗಿ ಕೀವು ತುಂಬುವುದು, ನಿದ್ದೆಗೇಡು, ತುಂಬ ಮುತ್ತಿಕೊಂಡರೆ ಎಳೆಯ ಮಕ್ಕಳಿಗೂ ವಯಸ್ಸಾದವರಿಗೂ ರಕ್ತ ಕಡಿಮೆಯಾಗುವುದು, ಇವು ನಿಜ.

ತೊಗರಿ ಎಲೆ ಹಾಸಿದರೆ ಆದೀತೇ ಎಂಬ ಪ್ರಶ್ನೆ ಬಂತು. ಯುರೋಪಿನ ಬಾಲ್ಕನ್ ಸೀಮೆಯಲ್ಲಿ ರಾತ್ರಿ ನೆಲಕ್ಕೆ ಬೀನ್ಸ್ ಎಲೆ ಹಾಸಿ, ಬೆಳಿಗ್ಗೆ ಅಂಟಿಕೊಂಡ ತಗಣಿಗಳ ಸಮೇತ ಸುಡುವ ವಾಡಿಕೆ ಇತ್ತು. 2013ರಲ್ಲಿ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಎಲೆಯ ಮೇಲಿನ ಕೊಕ್ಕೆಯಂಥ ರೋಮಗಳು ತಗಣಿಯ ಕಾಲಿಗೆ ಚುಚ್ಚಿ ಹಿಡಿಯುವುದು ಕಂಡಿತು. ಅದು ಆ ಎಲೆಯ ಗುಣ. ತೊಗರಿ ಎಲೆಯನ್ನು ನಂಬಿ ಕುಳಿತು ಒಂದು ಸೋಮವಾರ ಕಳೆದುಕೊಳ್ಳಬೇಡಿ.

ಕೀಟ ನಿವಾರಣೆಯವರನ್ನು ಕರೆಸಬಹುದೇ? ಕರೆಸಬಹುದು, ದೊಡ್ಡ ಮನೆ, ವಸತಿಗೃಹಗಳಿಗೆ ಅದು ಬೇಕಾಗಲೂಬಹುದು. ಪರವಾನಗಿ ತೋರಿಸಲು ಕೇಳಿ. ಯಾವ ಔಷಧಿ ಎಂದು ಹೆಸರು ಬರೆಸಿಕೊಳ್ಳಿ. ಒಂದೇ ಸಲಕ್ಕೆ ಮುಗಿಸುತ್ತೇವೆ ಎನ್ನುವವರನ್ನು ನಂಬಬೇಡಿ, ಮೊಟ್ಟೆಯ ಲೆಕ್ಕ ಈಗ ನಿಮಗೇ ಗೊತ್ತಿದೆ. ಗುಳಿಗೆ ಇಡುತ್ತೇವೆ ಎಂದರೆ ಮನೆಯೊಳಗೆ ಬಿಡಬೇಡಿ.

ಕೊನೆಯ ಪ್ರಶ್ನೆ ಕೇಳಿದ ತಾಯಿ ಹಳೆಯ ಗಾದಿಯನ್ನು ಎಸೆದುಬಿಡಲೇ ಎಂದರು. ಎಸೆಯಲೇಬೇಕೆಂದಿಲ್ಲ ಅಕ್ಕಾ. ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಪೂರಾ ಚೀಲ ಹೊಲಿದು, ಒಂದು ತೂತೂ ಇರದಂತೆ ಜಿಪ್ ಹಾಕಿ, ಒಂದು ವರ್ಷ ಬಿಚ್ಚದೆ ಬಳಸಿದರೆ ಒಳಗಿನವು ಒಳಗೇ ಹಸಿದು ಸಾಯುತ್ತವೆ. ಎಸೆಯುವುದೇ ಆದರೆ ಇಡಿಯಾಗಿ ರಸ್ತೆ ಬದಿಗೆ ಇಡಬೇಡಿ. ಒಳ್ಳೆಯ ಗಾದಿ ಎಂದು ಇನ್ನೊಂದು ಬಡ ಮನೆಯವರು ಹೊತ್ತೊಯ್ಯುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊರಗೆ ಒಯ್ದು, ಕುಡುಗೋಲಿನಿಂದ ನಾಲ್ಕು ಕಡೆ ಹರಿದು, ಮೇಲೆ ಬಣ್ಣದಲ್ಲಿ ದೊಡ್ಡದಾಗಿ ತಗಣಿ ಎಂದು ಬರೆದು ಕಸದ ಗಾಡಿಗೆ ಕೊಡಿ. ಓದಲು ಬಾರದವರಿಗೆಂದು ಪಕ್ಕದಲ್ಲೇ ಒಂದು ತಗಣಿಯ ಚಿತ್ರವನ್ನೂ ಬಿಡಿಸಿ.